ದೇಶ ಕೂಡಿತು, ಮನೆ ಕೂಡಲಿಲ್ಲ

ಅಮೆರಿಕದ ನ್ಯೂ ಆರ್ಲಿಯನ್ಸ್‌ನಿಂದ 19ನೇ ಶತಮಾನದ ಕೊನೆಯ ದಶಕಗಳಲ್ಲಿ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಎಂಬ ಪತ್ರಿಕೆ ಹೊರಡುತ್ತಿತ್ತು. ಮೆಥಡಿಸ್ಟ್ ಸಭೆಯ ಪತ್ರಿಕೆ. ಓದುಗರಲ್ಲಿ ಹೆಚ್ಚಿನವರು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಮತ್ತು ಅವರ ಮಕ್ಕಳು. ಅದರಲ್ಲೊಂದು ಅಂಕಣವಿತ್ತು, ‘ಲಾಸ್ಟ್ ಫ್ರೆಂಡ್ಸ್’ ಎಂದು ಅದರ ಹೆಸರು. ಚಂದಾದಾರರಿಗೆ ಪುಕ್ಕಟೆ, ಉಳಿದವರಿಗೆ 50 ಸೆಂಟ್. ಅಲ್ಲಿ ಅಚ್ಚಾಗುತ್ತಿದ್ದ ಕಾಗದಗಳ ಧಾಟಿ ಹೆಚ್ಚುಕಡಿಮೆ ಒಂದೇ. ನನ್ನ ಅವ್ವನ ಹೆಸರು ಇದು, ನಾವು ಇಂಥ ಧಣಿಯ ಆಳುಗಳಾಗಿದ್ದೆವು, ಅವನು ಸತ್ತು ಆಸ್ತಿ ಪಾಲಾಗುವಾಗ ನಾನು ಅವನ ಮಗನ ಪಾಲಿಗೆ ಬಂದೆ, ತಂಗಿ ಅವನ ಮಗಳ ಪಾಲಿಗೆ ಹೋದಳು, ಅಣ್ಣನನ್ನು ವ್ಯಾಪಾರಿಗೆ ಮಾರಿದರು, ಅವನನ್ನು ಟೆಕ್ಸಾಸ್ ಕಡೆ ಒಯ್ದರೆಂದು ಕೇಳಿದ್ದೇನೆ, ಯಾರಿಗಾದರೂ ಸುದ್ದಿ ಗೊತ್ತಿದ್ದರೆ ಈ ವಿಳಾಸಕ್ಕೆ ಬರೆಯಿರಿ. ಪಾದ್ರಿಗಳು ಈ ಕಾಗದಗಳನ್ನು ಚರ್ಚಿನಲ್ಲಿ ಗಟ್ಟಿಯಾಗಿ ಓದಿ ಹೇಳಬೇಕೆಂದು ಪತ್ರಿಕೆ ಕೇಳಿಕೊಳ್ಳುತ್ತಿತ್ತು. ಹುಡುಕುವವರಿಗೂ ಹುಡುಕಬೇಕಾದವರಿಗೂ ಎಷ್ಟೋ ಸಲ ಓದು ಬರುತ್ತಿರಲಿಲ್ಲ.

ಗುಲಾಮಗಿರಿಯನ್ನು ಕೊನೆಗಾಣಿಸಿದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಈ ಅಂಕಣ 20ನೇ ಶತಮಾನ ಕಾಲಿಟ್ಟ ಮೇಲೂ ನಡೆಯುತ್ತಲೇ ಇತ್ತು. ಅಂದರೆ ಬಿಡುಗಡೆಯಾಗಿ ಮೂವತ್ತೈದು ವರ್ಷ ಕಳೆದರೂ ಮುದುಕರಾದ ಮಕ್ಕಳು ಅವ್ವನನ್ನು ಹುಡುಕುತ್ತಲೇ ಇದ್ದರು.

ಅಮೆರಿಕದ ಅಂತರ್ಯುದ್ಧದ ನಂತರದ 12 ವರ್ಷಗಳನ್ನು, 1865ರಿಂದ 1877ರವರೆಗಿನ ಕಾಲವನ್ನು, ಇತಿಹಾಸದ ಪುಸ್ತಕಗಳು ಪುನರ್ನಿರ್ಮಾಣದ ಕಾಲ ಎಂದು ಕರೆಯುತ್ತವೆ. ಬೇರೆಯಾಗಿ ಹೋಗಿದ್ದ 11 ದಕ್ಷಿಣದ ರಾಜ್ಯಗಳು ಮರಳಿ ಒಕ್ಕೂಟಕ್ಕೆ ಬಂದವು, ಒಡೆದ ದೇಶ ಒಂದಾಯಿತು ಎಂದು ನಾವು ಓದಿಕೊಂಡು ಬಂದಿದ್ದೇವೆ. ಯಾರು ಯಾರ ಜೊತೆ ಒಂದಾದರು ಎಂದು ಬಿಡಿಸಿ ಕೇಳಿದಾಗ ಮಾತ್ರ ಆ ಕಾಲ ಅರ್ಥವಾಗುತ್ತದೆ. ಉತ್ತರದ ಬಿಳಿಯರು ದಕ್ಷಿಣದ ಬಿಳಿಯರ ಜೊತೆ ರಾಜಿಯಾದರು. ಆ ರಾಜಿಯ ಬೆಲೆ ತೆತ್ತವರು ಆಗತಾನೇ ಬಿಡುಗಡೆ ಕಂಡಿದ್ದ ಸುಮಾರು 40 ಲಕ್ಷ ಜನ. ನನಗೆ ಕಾಣುವ ಸತ್ಯ ಇದು, ಇದನ್ನೇ ಇಲ್ಲಿ ವಿವರಿಸಬೇಕು.

ರಾಜಿಯ ಮೊದಲ ದೃಶ್ಯ ನಿಜಕ್ಕೂ ದೊಡ್ಡ ಮನಸ್ಸಿನದು. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಕ್ಸ್ ಎಂಬಲ್ಲಿ, ಒಬ್ಬ ಗೃಹಸ್ಥನ ಮನೆಯ ನಡುಮನೆಯಲ್ಲಿ, ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಶರಣಾದ. ಉತ್ತರದ ಯೂಲಿಸಿಸ್ ಗ್ರಾಂಟ್ ಯಾರನ್ನೂ ಸೆರೆಗೆ ಹಾಕಲಿಲ್ಲ. ಸೈನಿಕರು ತಂತಮ್ಮ ಕುದುರೆಗಳನ್ನು ಊರಿಗೆ ಕರೆದೊಯ್ಯಲಿ, ವಸಂತದ ಉಳುಮೆಗೆ ಬೇಕಾಗುತ್ತವೆ ಎಂದ. ಹಸಿದಿದ್ದ ಎದುರಾಳಿ ದಂಡಿಗೆ 25 ಸಾವಿರ ಜನರ ಊಟದ ಸಾಮಗ್ರಿ ಕಳಿಸಿದ. ಕನಿಷ್ಠ ಆರು ಲಕ್ಷ ಇಪ್ಪತ್ತು ಸಾವಿರ ಜನ ಸತ್ತ ಯುದ್ಧದ ಕೊನೆಗೆ ಗೆದ್ದವನೊಬ್ಬ ಸೋತವನ ಹೊಲದ ಉಳುಮೆಯ ಬಗ್ಗೆ ಯೋಚಿಸಿದ್ದು ಸಣ್ಣ ಮಾತಲ್ಲ. ಐದು ದಿನ ಕಳೆಯುವಷ್ಟರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್‌ಗೆ ಗುಂಡು ಬಿತ್ತು. ಉಪಾಧ್ಯಕ್ಷ ಆಂಡ್ರೂ ಜಾನ್ಸನ್ ಪಟ್ಟಕ್ಕೆ ಬಂದ.

ಸೋತವರಿಗೆ ಕುದುರೆಯೂ ಸಿಕ್ಕಿತು, ಹೊಲವೂ ಇತ್ತು. ಆ ಹೊಲಗಳನ್ನು ಎರಡು ಶತಮಾನ ಉತ್ತವರಿಗೆ ಏನು ಸಿಗಬೇಕು?

ಈ ಪ್ರಶ್ನೆಯನ್ನು ಅವರನ್ನೇ ಕೇಳಿದ ಒಂದು ಸಂಜೆ ಚರಿತ್ರೆಯಲ್ಲಿದೆ. 1865ರ ಜನವರಿ 12, ಜಾರ್ಜಿಯಾದ ಸವಾನಾ ನಗರ. ಯುದ್ಧ ಇನ್ನೂ ಮುಗಿದಿರಲಿಲ್ಲ. ಉತ್ತರದ ಸೇನೆಯ ಜನರಲ್ ಶೆರ್ಮನ್ ಮತ್ತು ಯುದ್ಧಮಂತ್ರಿ ಎಡ್ವಿನ್ ಸ್ಟ್ಯಾಂಟನ್ ಊರಿನ 20 ಜನ ಕಪ್ಪು ಧರ್ಮಗುರುಗಳನ್ನು ಕರೆಸಿ ಮಾತಿಗೆ ಕೂತರು. ಎಲ್ಲರ ಪರವಾಗಿ ಮಾತಾಡಿದವರು ಗ್ಯಾರಿಸನ್ ಫ್ರೇಜಿಯರ್, 67 ವರ್ಷದ ಹಿರಿಯ. ತನ್ನನ್ನೂ ತನ್ನ ಹೆಂಡತಿಯನ್ನೂ ಒಂದು ಸಾವಿರ ಡಾಲರ್ ಚಿನ್ನಬೆಳ್ಳಿ ಕೊಟ್ಟು ತಾನೇ ಕೊಂಡು ಬಿಡಿಸಿಕೊಂಡಿದ್ದ ಮನುಷ್ಯ. ಗುಲಾಮಗಿರಿ ಎಂದರೆ ಏನು ಎಂದು ಕೇಳಿದಾಗ, ಇನ್ನೊಬ್ಬನ ದುಡಿಮೆಯನ್ನು ಅವನ ಒಪ್ಪಿಗೆಯಿಲ್ಲದೆ ಬಲದಿಂದ ಪಡೆಯುವುದು ಎಂದರು. ನಿಮ್ಮ ಕಾಲ ಮೇಲೆ ನೀವು ನಿಲ್ಲಬೇಕಾದರೆ ಏನು ಬೇಕು ಎಂದು ಕೇಳಿದಾಗ ಅವರು ಹೇಳಿದ್ದು ಭೂಮಿ. ನಮಗೆ ಭೂಮಿ ಬೇಕು, ನಾವೇ ಉಳುತ್ತೇವೆ, ನಮ್ಮ ದುಡಿಮೆಯಲ್ಲಿ ಬದುಕುತ್ತೇವೆ, ಕೈಯಲ್ಲಿ ನಾಲ್ಕು ಕಾಸಾದಾಗ ಅದನ್ನು ಕೊಳ್ಳುತ್ತೇವೆ. ಅವರು ದಾನ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು.

ನಾಲ್ಕೇ ದಿನದಲ್ಲಿ ಶೆರ್ಮನ್‌ನ 15ನೇ ಆದೇಶ ಹೊರಬಿತ್ತು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಿಂದ ಫ್ಲಾರಿಡಾದವರೆಗೆ ಕರಾವಳಿಯ ದ್ವೀಪಗಳು, ಧಣಿಗಳು ಬಿಟ್ಟು ಓಡಿದ್ದ ಭತ್ತದ ಗದ್ದೆಗಳು, ಸಮುದ್ರದಿಂದ 30 ಮೈಲಿ ಒಳಗಿನವರೆಗಿನ ಹೊಲಗಳು, ಇವೆಲ್ಲ ಬಿಡುಗಡೆಯಾದ ಕುಟುಂಬಗಳಿಗೆ, ತಲಾ 40 ಎಕರೆ ಮೀರದಂತೆ. ಆ ಬೇಸಿಗೆಯ ಹೊತ್ತಿಗೆ ಸುಮಾರು 40 ಸಾವಿರ ಜನ ನಾಲ್ಕು ಲಕ್ಷ ಎಕರೆಯಲ್ಲಿ ನೆಲೆಸಿ ಬಿತ್ತಿ ಬೆಳೆಯುತ್ತಿದ್ದರು.

ಅಧ್ಯಕ್ಷ ಜಾನ್ಸನ್ ಅಷ್ಟರಲ್ಲಿ ದಕ್ಷಿಣದ ಧಣಿಗಳಿಗೆ ಕ್ಷಮಾದಾನ ಕೊಡತೊಡಗಿದ್ದ. ಕ್ಷಮಾದಾನ ಎಂದರೆ ಬರೀ ಶಿಕ್ಷೆ ಮಾಫಿಯಲ್ಲ, ಆಳುಗಳನ್ನು ಬಿಟ್ಟು ಉಳಿದ ಆಸ್ತಿಯೆಲ್ಲ ವಾಪಸು. ಹೊಲ ಖಾಲಿ ಮಾಡಿ ಎಂದು ಹೇಳುವ ಕೆಲಸ ಜನರಲ್ ಆಲಿವರ್ ಹೊವಾರ್ಡ್‌ನ ಪಾಲಿಗೆ ಬಂತು. ಬಿಡುಗಡೆಯಾದವರ ಹಿತ ಕಾಯಲೆಂದೇ 1865ರ ಮಾರ್ಚ್‌ನಲ್ಲಿ ಹುಟ್ಟಿದ ‘ಫ್ರೀಡ್‌ಮೆನ್ಸ್ ಬ್ಯೂರೋ’ ಎಂಬ ಇಲಾಖೆಯ ಮುಖ್ಯಸ್ಥ ಅವನು. ಒಳ್ಳೆಯ ಮನುಷ್ಯ, ದೈವಭಕ್ತ, ಯುದ್ಧದಲ್ಲಿ ಬಲಗೈ ಕಳೆದುಕೊಂಡವನು. 1865ರ ಅಕ್ಟೋಬರ್‌ನಲ್ಲಿ ಅವನು ದಕ್ಷಿಣ ಕೆರೊಲಿನಾದ ಎಡಿಸ್ಟೊ ದ್ವೀಪಕ್ಕೆ ಬಂದ. ಚರ್ಚಿನ ತುಂಬ ಜನ. ಅವನು ವಿಷಯ ಹೇಳುತ್ತಿದ್ದಂತೆ ಇಲ್ಲ, ಇಲ್ಲ ಎಂದು ಕೂಗು ಎದ್ದಿತು. ಗದ್ದಲ ಅಡಗಿದ್ದು ಹೆಂಗಸೊಬ್ಬಳು ತಮ್ಮ ಸಂಕಟದ ಹಾಡೊಂದನ್ನು ಎತ್ತಿಕೊಂಡಾಗ. ಸಭೆಯೆಲ್ಲ ಅದಕ್ಕೆ ದನಿಗೂಡಿಸಿತು. ಹಳೆಯ ಧಣಿಗಳನ್ನು ಕ್ಷಮಿಸಿ, ಅವರ ಜೊತೆ ಕರಾರು ಮಾಡಿಕೊಂಡು ದುಡಿಯಿರಿ ಎಂದು ಹೊವಾರ್ಡ್ ಬೇಡಿಕೊಂಡ.

ದ್ವೀಪದವರು ಮೂವರ ಸಮಿತಿ ಮಾಡಿ ಅವನಿಗೆ ಉತ್ತರ ಬರೆದರು. ಹೆನ್ರಿ ಬ್ರ್ಯಾಮ್, ಇಷ್ಮಾಯೆಲ್ ಮೋಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್ ಎಂಬ ಮೂವರ ರುಜು ಅದಕ್ಕಿದೆ. ನಾನು ಓದಿದ ರಾಜಕೀಯ ಬರಹಗಳಲ್ಲಿ ಇದರಷ್ಟು ನೇರವಾದದ್ದು ಕಡಿಮೆ. ಅವರ ಮಾತಿನ ಸಾರ ಹೀಗೆ: ಜನರಲ್ ಸಾಹೇಬರೇ, ಧಣಿಗಳನ್ನು ಕ್ಷಮಿಸಿ ಎನ್ನುತ್ತೀರಿ. ನೀವು ಯುದ್ಧದಲ್ಲಿ ಕಳೆದುಕೊಂಡದ್ದು ಬಲಗೈ ಮಾತ್ರ, ನಿಮಗೆ ಕ್ಷಮಿಸಲು ಆಗಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನು, ನನ್ನ ತಾಯಿಯನ್ನೂ ತಂಗಿಯನ್ನೂ ಬೆತ್ತಲೆ ಮಾಡಿ ಚಾವಟಿಯಲ್ಲಿ ಬಾರಿಸಿದವನು, ಅವನ ಗದ್ದೆಯಲ್ಲಿ ಅವನು ಹೇಳಿದಂತೆ ದುಡಿಯದಿದ್ದರೆ ಖಾಲಿ ಗುಡಿಸಲಲ್ಲೂ ನಿಲ್ಲಗೊಡದವನು, ನನಗೆ ಎಲ್ಲೂ ಭೂಮಿ ಸಿಗದಂತೆ ಉಳಿದವರ ಜೊತೆ ಕೂಡಿಕೊಂಡವನು, ಅಂಥವನನ್ನು ನಾನು ಕ್ಷಮಿಸಲಾರೆ. ಅವನು ನನ್ನನ್ನು ಕ್ಷಮಿಸಿದಂತೆ ಕಾಣುತ್ತದೆಯೇ?

ಕೊನೆಯ ಪ್ರಶ್ನೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಹೊಡೆದವನೇ ಹೊಡೆಸಿಕೊಂಡವನ ಮೇಲೆ ಹಗೆ ಸಾಧಿಸುತ್ತಿದ್ದಾನೆ, ಅದನ್ನು ನೋಡಿಯೂ ನೀವು ಕ್ಷಮೆಯ ಪಾಠವನ್ನು ನಮಗೆ ಹೇಳುತ್ತೀರಿ ಎಂದು ಆ ಮೂವರು ಕೇಳುತ್ತಿದ್ದಾರೆ. ಹೊವಾರ್ಡ್ ಒಂದಿಷ್ಟು ಕಾಲ ತಡೆಯಲು ನೋಡಿದ. ಆಗಲಿಲ್ಲ. ಭೂಮಿಯ ಬಹುಪಾಲು ಧಣಿಗಳ ಕೈಸೇರಿತು.

ಭೂಮಿ ಇಲ್ಲದ ಬಿಡುಗಡೆಯ ರೂಪ ಆಗಲೇ ಕಾಣತೊಡಗಿತ್ತು. 1865ರ ಕೊನೆಗೆ ಮಿಸಿಸಿಪ್ಪಿ, ದಕ್ಷಿಣ ಕೆರೊಲಿನಾಗಳು ಕಪ್ಪು ಜನರಿಗೆಂದೇ ಕಾನೂನು ಮಾಡಿದವು. ಮಿಸಿಸಿಪ್ಪಿಯಲ್ಲಿ ಪ್ರತಿ ಜನವರಿಯಲ್ಲಿ ಕೆಲಸದ ರುಜುವಾತು ತೋರಿಸಬೇಕು. ವರ್ಷದ ನಡುವೆ ಕೆಲಸ ಬಿಟ್ಟರೆ ಅದುವರೆಗಿನ ಕೂಲಿ ಮುಳುಗಿತು. ಕೆಲಸವಿಲ್ಲದೆ ತಿರುಗಿದರೆ ಪೋಲಿ ಎಂದು ದಂಡ, ದಂಡ ಕಟ್ಟಲಾಗದಿದ್ದರೆ ಅದನ್ನು ಕಟ್ಟಿದವನ ಹೊಲದಲ್ಲಿ ದುಡಿತ. ಗುಲಾಮಗಿರಿ ರದ್ದುಮಾಡಿದ 13ನೇ ತಿದ್ದುಪಡಿಯಲ್ಲೇ ಅಪರಾಧಕ್ಕೆ ಶಿಕ್ಷೆಯಾಗಿ ಕೊಟ್ಟದ್ದರ ಹೊರತು ಎಂಬ ಮಾತೊಂದು ಸೇರಿತ್ತು. ಆ ಸಂದಿಯಲ್ಲಿ ಹಳೆಯದೆಲ್ಲ ನುಸುಳಿ ಬರಬಹುದಿತ್ತು, ಮುಂದೆ ಕೈದಿಗಳನ್ನು ಗಣಿಗೂ ತೋಟಕ್ಕೂ ಗುತ್ತಿಗೆ ಕೊಡುವ ಪದ್ಧತಿಯಾಗಿ ಬಂದೇ ಬಂತು.

ಹೊಲದಲ್ಲಿ ನೆಲೆಯೂರಿದ್ದು ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಕೋರು ಬೇಸಾಯ. ಹೊಲ ಧಣಿಯದು, ದುಡಿಮೆ ಇವನದು, ಬೆಳೆಯಲ್ಲಿ ಪಾಲು. ಸುಗ್ಗಿಯವರೆಗೆ ಜೋಳದ ಹಿಟ್ಟು, ಉಪ್ಪು ಹಂದಿಮಾಂಸ, ಬಟ್ಟೆ ಎಲ್ಲ ಅಂಗಡಿಯಿಂದ ಉದ್ರಿ, ಹೊಲದಲ್ಲಿ ನಿಂತ ಬೆಳೆಯೇ ಅಡಮಾನ. ಸಾಹುಕಾರ ಹತ್ತಿಯನ್ನೇ ಬಿತ್ತು ಎನ್ನುತ್ತಿದ್ದ, ಹೊಟ್ಟೆಗೆ ಬೇಕಾದ್ದನ್ನು ಬೆಳೆದುಕೊಳ್ಳಲು ಬಿಡುತ್ತಿರಲಿಲ್ಲ. ಲೆಕ್ಕದ ಪುಸ್ತಕ ಅವನ ಕೈಯಲ್ಲಿ. ಸುಗ್ಗಿ ಮುಗಿದು ಲೆಕ್ಕ ಚುಕ್ತಾ ಮಾಡುವಾಗ ಇವನ ಪಾಲಿಗೆ ಬಾಕಿ, ಬಾಕಿ ತೀರಿಸಲು ಮುಂದಿನ ವರ್ಷವೂ ಅದೇ ಹೊಲ.

ಹತ್ತಿಯ ಮಾತು ಬಂದಾಗ ನಮ್ಮ ಧಾರವಾಡವನ್ನು ಬಿಟ್ಟು ಮುಂದೆ ಹೋಗಲಾಗದು. ಯುದ್ಧದಲ್ಲಿ ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳು ಹತ್ತಿಯಿಲ್ಲದೆ ನಿಂತವು. ಅಮೆರಿಕದ ಗುಲಾಮರು ಬೆಳೆಯುತ್ತಿದ್ದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ಧಾರವಾಡ, ಗದಗ, ಹುಬ್ಬಳ್ಳಿಯ ಎರೆಹೊಲಗಳಿಗೆ 1840ರ ದಶಕದಲ್ಲೇ ಬಂದು ‘ಧಾರವಾಡ ಅಮೆರಿಕನ್’ ಎಂಬ ಹೆಸರು ಪಡೆದಿತ್ತು. ಈಗ ಅದಕ್ಕೆ ಬಂಗಾರದ ಬೆಲೆ. ಆ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದ ಕಡೆ ಬಂದರಿಗೆ ಸಾಗಿಸುವ ದಾರಿ ಒಂದೇ ಆಡಳಿತದಲ್ಲಿರಲಿ ಎಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂದು ಕರಾವಳಿ ಎರಡು ಪ್ರಾಂತ್ಯಗಳಲ್ಲಿ ಹಂಚಿಹೋದದ್ದರ ಹಿಂದೆ ಹೀಗೆ ಮಿಸಿಸಿಪ್ಪಿಯ ಹತ್ತಿ ತೋಟದ ನೆರಳಿದೆ. 1865ರಲ್ಲಿ ಅಲ್ಲಿ ಶಾಂತಿಯಾಯಿತು, ಇಲ್ಲಿ ಬೆಲೆ ಬಿತ್ತು, ಮುಂಬಯಿಯಲ್ಲಿ ಷೇರುಗಳ ಹಿಂದೆ ಬಿದ್ದಿದ್ದವರು ದಿವಾಳಿಯೆದ್ದರು.

ಜಾನ್ಸನ್‌ನ ದಾರಿಯನ್ನು ಅಮೆರಿಕದ ಸಂಸತ್ತು ಒಪ್ಪಲಿಲ್ಲ. 1867ರಲ್ಲಿ ಟೆನೆಸೀ ಬಿಟ್ಟು ಉಳಿದ ಹತ್ತು ದಕ್ಷಿಣದ ರಾಜ್ಯಗಳನ್ನು ಐದು ಸೈನಿಕ ವಲಯಗಳಾಗಿ ಮಾಡಿ, ಕಪ್ಪು ಗಂಡಸರಿಗೂ ಮತ ಕೊಟ್ಟು ಹೊಸ ಸಂವಿಧಾನ ಬರೆಯಿರಿ ಎಂದಿತು. 1868ರಲ್ಲಿ ಜಾನ್ಸನ್‌ನ ಮೇಲೆ ಮಹಾಭಿಯೋಗ ನಡೆದು ಅವನು ಒಂದೇ ಮತದಲ್ಲಿ ಉಳಿದುಕೊಂಡ. ಆ ವರ್ಷವೇ 14ನೇ ತಿದ್ದುಪಡಿ ಬಂತು: ಈ ನೆಲದಲ್ಲಿ ಹುಟ್ಟಿದವರೆಲ್ಲ ನಾಗರಿಕರು, ಕಾನೂನಿನ ಮುಂದೆ ಎಲ್ಲರಿಗೂ ಸಮಾನ ರಕ್ಷಣೆ. 1870ರಲ್ಲಿ 15ನೆಯದು: ಬಣ್ಣದ ಕಾರಣಕ್ಕೆ ಮತ ಕಿತ್ತುಕೊಳ್ಳುವಂತಿಲ್ಲ. ಐದು ವರ್ಷದಲ್ಲಿ ಮೂರು ತಿದ್ದುಪಡಿ. ಭೂಮಿ ಹಂಚಿ ಎಂದು ಥ್ಯಾಡಿಯಸ್ ಸ್ಟೀವನ್ಸ್ ಸಂಸತ್ತಿನಲ್ಲಿ ಗಂಟಲು ಹರಿದುಕೊಂಡರೂ ಅದೊಂದು ಮಾತ್ರ ಆಗಲಿಲ್ಲ.

ಈ ವರ್ಷಗಳನ್ನು ಬರೀ ಸೋಲಿನ ಕಥೆಯಾಗಿ ಹೇಳುವುದು ಅನ್ಯಾಯ. ಏನೇನು ಸಾಧ್ಯವಿತ್ತು ಎಂದು ನೋಡಲು ಒಬ್ಬನ ಬಾಳು ಸಾಕು. ರಾಬರ್ಟ್ ಸ್ಮಾಲ್ಸ್, ದಕ್ಷಿಣ ಕೆರೊಲಿನಾದ ಬ್ಯೂಫೋರ್ಟ್‌ನ ಧಣಿಯೊಬ್ಬನ ಮನೆಯ ಹಿತ್ತಲ ಗುಡಿಸಲಲ್ಲಿ ಹುಟ್ಟಿದವನು. ಯುದ್ಧದಲ್ಲಿ ಧಣಿಗಳ ಪಕ್ಷದ ‘ಪ್ಲಾಂಟರ್’ ಎಂಬ ಹಡಗಿನಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದ. 1862ರ ಮೇ 13ರ ನಸುಕಿನಲ್ಲಿ, ಬಿಳಿ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ಹೆಂಡತಿ ಮಕ್ಕಳನ್ನೂ ಸಂಗಾತಿಗಳನ್ನೂ ಹತ್ತಿಸಿಕೊಂಡು ಹಡಗನ್ನೇ ಹೊರಡಿಸಿದ. ಕ್ಯಾಪ್ಟನ್ನನ ಹುಲ್ಲಿನ ಟೋಪಿ ತಲೆಗಿಟ್ಟು, ಅವನಂತೆಯೇ ನಿಂತು, ಒಂದೊಂದು ಕೋಟೆಗೂ ಸರಿಯಾದ ಸೀಟಿಯ ಗುರುತು ಕೊಡುತ್ತ ಚಾರ್ಲ್ಸ್‌ಟನ್ ಬಂದರಿನ ತೋಪುಗಳನ್ನು ದಾಟಿದ. ಆಚೆಗೆ ಹೋಗಿ ಬಿಳಿಯ ಹಾಸಿಗೆ ಬಟ್ಟೆ ಏರಿಸಿ ಹಡಗನ್ನು ಉತ್ತರದವರಿಗೆ ಒಪ್ಪಿಸಿದ. ಆಗ ಅವನಿಗೆ 23 ವರ್ಷ. ಯುದ್ಧ ನಡೆಯುತ್ತಿರುವಾಗಲೇ ತನ್ನ ಹಳೆಯ ಧಣಿಯ ಮನೆ ತೆರಿಗೆ ಬಾಕಿಗೆ ಹರಾಜಿಗೆ ಬಂದದ್ದನ್ನು ಕೊಂಡ.

1868ರಲ್ಲಿ ದಕ್ಷಿಣ ಕೆರೊಲಿನಾದ ಸಂವಿಧಾನ ಸಭೆ ಕೂಡಿದಾಗ 124 ಪ್ರತಿನಿಧಿಗಳಲ್ಲಿ 76 ಮಂದಿ ಕಪ್ಪು ಜನ, ಅವರಲ್ಲಿ ಸ್ಮಾಲ್ಸ್ ಒಬ್ಬ. ಗುಲಾಮರಿಗೆ ಅಕ್ಷರ ಕಲಿಸುವುದು ಅಪರಾಧವಾಗಿದ್ದ ರಾಜ್ಯ ಅದು. ಅಲ್ಲಿ ಎಲ್ಲ ಮಕ್ಕಳಿಗೂ ತೆರೆದ ಸರ್ಕಾರಿ ಶಾಲೆಗಳ ವ್ಯವಸ್ಥೆಯನ್ನು ಆ ಸಭೆ ಸಂವಿಧಾನದಲ್ಲಿ ಬರೆಯಿತು. ಬಡ ಬಿಳಿಯರ ಮಕ್ಕಳೂ ಅದರಿಂದ ಓದಿದರು. ಸ್ಮಾಲ್ಸ್ ಮುಂದೆ ಅಮೆರಿಕದ ಸಂಸತ್ತಿಗೆ ಆರಿಸಿ ಬಂದ. 1870ರಲ್ಲಿ ಮಿಸಿಸಿಪ್ಪಿಯ ಹೈರಮ್ ರೆವೆಲ್ಸ್ ಸೆನೆಟ್ಟಿನಲ್ಲಿ ಕೂತ ಮೊದಲ ಕಪ್ಪು ಮನುಷ್ಯನಾದ. ಗುಲಾಮರ ಮದುವೆಗೆ ಕಾನೂನಿನ ಬೆಲೆಯೇ ಇರಲಿಲ್ಲ, ಹಾಗಾಗಿ ಮೊಮ್ಮಕ್ಕಳಿದ್ದ ಜೋಡಿಗಳೂ ಬ್ಯೂರೋ ಕಚೇರಿಗೆ ಬಂದು ಮದುವೆ ನೋಂದಾಯಿಸಿಕೊಂಡರು. ಇನ್ನು ಮೇಲೆ ಇವಳನ್ನು ಯಾರೂ ನನ್ನಿಂದ ಬಿಡಿಸಿ ಮಾರುವಂತಿಲ್ಲ ಎಂಬುದಕ್ಕೆ ಸರ್ಕಾರದ ಕಾಗದ ಕೈಯಲ್ಲಿ ಬೇಕಿತ್ತು ಅವರಿಗೆ.

ಈ ಬೆಳಕು ನಮ್ಮ ಕಡೆಗೂ ಬಿದ್ದಿತ್ತು. ಪುಣೆಯ ಜ್ಯೋತಿರಾವ್ ಫುಲೆ 1873ರಲ್ಲಿ ‘ಗುಲಾಮಗಿರಿ’ ಬರೆದು, ಗುಲಾಮರ ಬಿಡುಗಡೆಗಾಗಿ ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ತಮ್ಮ ದೇಶದವರೂ ಅವರನ್ನು ನೋಡಿ ಶೂದ್ರರನ್ನು ಬಿಡುಗಡೆ ಮಾಡಲಿ ಎಂಬ ಆಸೆ ಅವರದು. ಅದೇ 1873ರ ಏಪ್ರಿಲ್ 13, ಈಸ್ಟರ್ ಭಾನುವಾರ, ಲೂಸಿಯಾನಾದ ಕೋಲ್‌ಫ್ಯಾಕ್ಸ್ ಎಂಬಲ್ಲಿ ಚುನಾವಣೆಯ ಫಲಿತಾಂಶ ಉಳಿಸಿಕೊಳ್ಳಲು ಕೋರ್ಟ್ ಕಟ್ಟಡದಲ್ಲಿ ಸೇರಿದ್ದ ಕಪ್ಪು ಜನರ ಮೇಲೆ ಬಿಳಿಯರ ದಂಡು ಬಿತ್ತು. ಕಟ್ಟಡಕ್ಕೆ ಬೆಂಕಿಯಿಟ್ಟರು. ಶರಣಾದವರನ್ನು ಆ ರಾತ್ರಿ ಕೊಂದರು. ಸತ್ತವರು ಕನಿಷ್ಠ ಅರವತ್ತು. ಶಿಕ್ಷೆಯಾದದ್ದು ಮೂವರಿಗೆ, 1876ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ತಳ್ಳಿಹಾಕಿತು. 14ನೇ ತಿದ್ದುಪಡಿ ರಾಜ್ಯ ಸರ್ಕಾರಗಳ ಕೈಯನ್ನು ಕಟ್ಟುತ್ತದೆಯೇ ಹೊರತು ಒಬ್ಬೊಬ್ಬ ವ್ಯಕ್ತಿಯ ಕೈಯನ್ನಲ್ಲ ಎಂಬುದು ತೀರ್ಪು. ಮತ ಹಾಕಿದವನನ್ನು ಕೊಂದರೆ ಕೇಂದ್ರ ಸರ್ಕಾರ ಬರಲಾರದು ಎಂದು ಕೊಲೆಗಾರರು ಅರ್ಥಮಾಡಿಕೊಂಡರು.

ಇದಕ್ಕೆ ಮೊದಲು ಸರ್ಕಾರ ಮನಸ್ಸು ಮಾಡಿದಾಗ ಹಿಂಸೆ ನಿಂತಿತ್ತು ಎಂಬುದೂ ದಾಖಲೆಯಲ್ಲಿದೆ. 1871ರಲ್ಲಿ ಆ ಹೊತ್ತಿಗೆ ಅಧ್ಯಕ್ಷನಾಗಿದ್ದ ಗ್ರಾಂಟ್ ದಕ್ಷಿಣ ಕೆರೊಲಿನಾದ ಒಂಬತ್ತು ಕೌಂಟಿಗಳಿಗೆ ಸೈನ್ಯ ಕಳಿಸಿ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಹಿಂಸಾಕೋರ ಗುಂಪಿನ ಮುಸುಕುಗಾರರನ್ನು ಹಿಡಿಸಿದ, ಆ ಗುಂಪು ಮುರಿದುಬಿತ್ತು. ಆದರೆ 1873ರಲ್ಲಿ ಬ್ಯಾಂಕುಗಳು ಮುಳುಗಿ ಉತ್ತರದಲ್ಲಿ ಕೆಲಸ ಹೋಗತೊಡಗಿದಾಗ ಅಲ್ಲಿನವರಿಗೆ ದಕ್ಷಿಣದ ಕಪ್ಪು ಜನರ ವಿಷಯ ಸಾಕಾಗಿತ್ತು. 1876ರ ಅಧ್ಯಕ್ಷ ಚುನಾವಣೆ ತಕರಾರಿಗೆ ಬಿತ್ತು. 15 ಜನರ ಆಯೋಗ 8-7ರಂತೆ ತೀರ್ಮಾನಿಸಿ, ರುದರ್‌ಫೋರ್ಡ್ ಹೇಯ್ಸ್ 185-184ರಲ್ಲಿ ಗೆದ್ದ. 1877ರ ಏಪ್ರಿಲ್‌ನಲ್ಲಿ ಅವನ ಆದೇಶದಂತೆ ದಕ್ಷಿಣ ಕೆರೊಲಿನಾ, ಲೂಸಿಯಾನಾ ವಿಧಾನಭವನಗಳನ್ನು ಕಾಯುತ್ತಿದ್ದ ಕೇಂದ್ರದ ಸೈನಿಕರು ಬ್ಯಾರಕ್ಕಿಗೆ ಮರಳಿದರು.

ಉಳಿದದ್ದು ಕಾನೂನಿನ ಹೆಸರಿನಲ್ಲಿ ನಿಧಾನವಾಗಿ ನಡೆಯಿತು. ಮತಕ್ಕೆ ತಲೆಗಂದಾಯ, ಸಂವಿಧಾನದ ಒಂದು ಕಲಮು ಓದಿ ಅರ್ಥ ಹೇಳು ಎಂಬ ಪರೀಕ್ಷೆ, ಪಾಸೋ ಫೇಲೋ ಹೇಳುವವನು ಬಿಳಿ ಗುಮಾಸ್ತ. ಲೂಸಿಯಾನಾದಲ್ಲಿ 1896ರಲ್ಲಿ ಪಟ್ಟಿಯಲ್ಲಿದ್ದ ಕಪ್ಪು ಮತದಾರರು 1,30,334. 1904ರಲ್ಲಿ 1,342. ದಕ್ಷಿಣ ಕೆರೊಲಿನಾ 1895ರಲ್ಲಿ ಹೊಸ ಸಂವಿಧಾನ ಸಭೆ ಕರೆಯಿತು. ಈ ಸಲ ಅಲ್ಲಿದ್ದ ಕಪ್ಪು ಪ್ರತಿನಿಧಿಗಳು ಆರೇ ಜನ. ಅವರಲ್ಲಿ 56 ವರ್ಷದ ರಾಬರ್ಟ್ ಸ್ಮಾಲ್ಸ್ ಇದ್ದ. 27 ವರ್ಷ ಹಿಂದೆ ತಾನು ಕೂತು ಬರೆದದ್ದನ್ನು ಕಣ್ಣೆದುರಿಗೇ ಅಳಿಸುವುದನ್ನು ನೋಡಿದ, ಎದ್ದು ವಾದಿಸಿದ, ಕೊನೆಗೆ ಆ ಕಾಗದಕ್ಕೆ ರುಜು ಹಾಕಲು ಒಪ್ಪಲಿಲ್ಲ.

1913ರ ಜುಲೈನಲ್ಲಿ ಗೆಟಿಸ್‌ಬರ್ಗ್ ಕದನದ 50ನೇ ವರ್ಷಕ್ಕೆ ಅಂತರ್ಯುದ್ಧದ ಎರಡೂ ಕಡೆಯ 50 ಸಾವಿರಕ್ಕೂ ಹೆಚ್ಚು ಮುದಿ ಸೈನಿಕರು ಕೂಡಿದರು. ಕಲ್ಲಿನ ಮೋಟುಗೋಡೆಯ ಆಚೀಚೆ ನಿಂತು ಕೈ ಕುಲುಕಿದರು, ಅತ್ತರು. ಆ ಕಣ್ಣೀರನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅಲ್ಲಿ ಭಾಷಣ ಮಾಡಿದ ಅಧ್ಯಕ್ಷ ವುಡ್ರೋ ವಿಲ್ಸನ್‌ನ ಸರ್ಕಾರ ಅದೇ ವರ್ಷ ವಾಷಿಂಗ್ಟನ್ನಿನ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸತೊಡಗಿತ್ತು. ಎರಡು ವರ್ಷದ ನಂತರ, 1915ರ ಫೆಬ್ರುವರಿಯಲ್ಲಿ, ಮುಸುಕುಗಾರರನ್ನು ದೇಶ ಉಳಿಸಿದ ವೀರರೆಂದು ತೋರಿಸಿದ ‘ದಿ ಬರ್ತ್ ಆಫ್ ಎ ನೇಷನ್’ ಚಿತ್ರವನ್ನು ಶ್ವೇತಭವನದಲ್ಲೇ ತೋರಿಸಲಾಯಿತು. ಅದೇ ತಿಂಗಳು ಬ್ಯೂಫೋರ್ಟ್‌ನ ಹಳೆಯ ಧಣಿಯ ಆ ಮನೆಯಲ್ಲಿ ರಾಬರ್ಟ್ ಸ್ಮಾಲ್ಸ್ ತೀರಿಕೊಂಡ.

ಕಪ್ಪು ಜನರಿಗೆ ಅಧಿಕಾರ ಕೊಟ್ಟದ್ದೇ ತಪ್ಪಾಯಿತು ಎಂದು ಅಲ್ಲಿನ ವಿಶ್ವವಿದ್ಯಾಲಯಗಳಲ್ಲೂ ಬಹುಕಾಲ ಕಲಿಸಿದರು. 1935ರಲ್ಲಿ ಕಪ್ಪು ಇತಿಹಾಸಕಾರ ಡಬ್ಲ್ಯು. ಇ. ಬಿ. ಡು ಬಾಯ್ಸ್ ಏಳುನೂರು ಪುಟ ಮೀರಿದ ಗ್ರಂಥ ಬರೆದು ಆ ಕಥೆಯನ್ನು ತಿರುಗಿಸಿ ನಿಲ್ಲಿಸಿದರು. ಇದೇ ಡು ಬಾಯ್ಸ್‌ಗೆ 1946ರಲ್ಲಿ ನಮ್ಮ ಅಂಬೇಡ್ಕರ್ ಕಾಗದ ಬರೆದು, ತಮ್ಮಿಬ್ಬರ ಜನರ ಪಾಡಿನಲ್ಲಿರುವ ಹೋಲಿಕೆಯನ್ನು ನೆನಪಿಸಿದ್ದರು. ಮೂಲೆಗೆ ಬಿದ್ದಿದ್ದ 14ನೇ ತಿದ್ದುಪಡಿಯನ್ನೇ ಹಿಡಿದು 1954ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಬೇರೆ ಬೇರೆ ಶಾಲೆ ಎಂಬ ಪದ್ಧತಿಯನ್ನು ಹೊಡೆದುಹಾಕಿತು. ಮತದ ಹಕ್ಕಿಗೆ ಬಲ ಬಂದದ್ದು 1965ರ ಕಾಯ್ದೆಯಿಂದ, ಯುದ್ಧ ಮುಗಿದ ನೂರನೇ ವರ್ಷ. ಭೂಮಿಯ ಲೆಕ್ಕ ಇನ್ನೂ ತೀರಿಲ್ಲ.

ನ್ಯೂ ಆರ್ಲಿಯನ್ಸ್‌ನ ಆ ಅಂಕಣಕ್ಕೆ ಮರಳುತ್ತೇನೆ. ಅಲ್ಲಿ ಬರೆದವರಲ್ಲಿ ಹೆಚ್ಚಿನವರಿಗೆ ತಮ್ಮವರು ಸಿಕ್ಕ ಸುಳಿವಿಲ್ಲ. ಈಗ ಆ ಕಾಗದಗಳನ್ನು ಊರಿನ ಇತಿಹಾಸ ಸಂಗ್ರಹಾಲಯದವರು ಅಂತರ್ಜಾಲದಲ್ಲಿ ಹಾಕಿದ್ದಾರೆ, ಎರಡು ಸಾವಿರಕ್ಕೂ ಹೆಚ್ಚು. ಓದುತ್ತಿರುವವರಲ್ಲಿ ಮರಿಮಕ್ಕಳ ಮಕ್ಕಳಿದ್ದಾರೆ. ತಮ್ಮ ವಂಶ ಹುಡುಕಿಕೊಂಡು ಹೋಗುವ ಕಪ್ಪು ಅಮೆರಿಕನ್ನರು 1870ರ ಜನಗಣತಿಗೆ ಬಂದು ನಿಂತುಬಿಡುತ್ತಾರೆ. ಹೆಚ್ಚಿನವರ ಪೂರ್ವಿಕರ ಹೆಸರು ಮೊದಲ ಸಲ ಬರೆದದ್ದು ಅದರಲ್ಲೇ. 1860ರ ಪಟ್ಟಿಯಲ್ಲಿ ಧಣಿಯ ಹೆಸರು, ಅದರ ಕೆಳಗೆ ಆಳುಗಳ ವಯಸ್ಸು, ಗಂಡು ಹೆಣ್ಣು, ಮೈಬಣ್ಣ, ಇಷ್ಟೇ. ಆ ಗೋಡೆಯ ಆಚೆಗಿನ ಹೆಸರುಗಳು ಸಿಗುವ ಕೆಲವೇ ಜಾಗಗಳಲ್ಲಿ ಐವತ್ತು ಸೆಂಟಿನ ಈ ಕಾಗದಗಳೂ ಸೇರಿವೆ. ಅವ್ವನ ಹೆಸರು, ಅಣ್ಣನ ಹೆಸರು, ಮಾರಿದ ಊರು, ಕೊಂಡವನ ಹೆಸರು. ಅವ್ವ ಸಿಗಲೆಂದು ಮಗಳು ಬರೆಸಿದ ನಾಲ್ಕು ಸಾಲಿನಲ್ಲಿ ಈಗ ಆ ಮಗಳು ಸಿಗುತ್ತಿದ್ದಾಳೆ.